ಬಂದಳಿಕೆಗೆ ಒಂದೂವರೆ ಟಿಕೆಟ್

“ಇದಕ್ಕೆ ಅರ್ಧ ಟಿಕೆಟ್ ಆಗುತ್ತೆ ಸಾರ್” ಎಂದರು ಕಂಡಕ್ಟರ್, ನನ್ನ ಕಾಲ ಬಳಿ ಮುದುಡಿ ಕುಳಿತಿದ್ದ ಕಾಳಿಯನ್ನು ತೋರಿಸಿ.

“ಅದೂ ಹೆಣ್ಣೇ ಕಣ್ರೀ” ಎಂದಳು ನನ್ನಾಕೆ.

“ಹೆಣ್ಣಾದರೆ ಆಯ್ತೇನಮ್ಮಾ, ಆಧಾರ್ ಕಾರ್ಡ್ ಎಲ್ಲಿ?”

ಭಾನುವಾರ ಬೆಳಗಿನ ಶಿಕಾರಿಪುರದ ಬಸ್ಸು ಗೊಳ್ಳೆಂದು ನಕ್ಕಿತು. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನಾಯಿಗೆ ಮೊದಲು ಮನುಷ್ಯರಷ್ಟೇ ಟಿಕೆಟ್ ಇತ್ತು. 2022ರ ಕೊನೆಗೆ ಅದನ್ನು ಅರ್ಧಕ್ಕಿಳಿಸಿದರು. ಹೀಗಾಗಿ ನಾವು ಮೂವರು ಒಂದೂವರೆ ಟಿಕೆಟ್ಟಿನಲ್ಲಿ ಬಂದಳಿಕೆಗೆ ಹೊರಟೆವು.

ಕಾರಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ನನ್ನ ಕೆಲಸ ಶಿರಾಳಕೊಪ್ಪದಲ್ಲಿ, ಮನೆ ಶಿಕಾರಿಪುರದಲ್ಲಿ. ಹತ್ತು ವರ್ಷ ಆ ರಸ್ತೆಯಲ್ಲಿ ಕಾರಿನಲ್ಲೇ ಓಡಾಡಿದೆ. ಒಂದು ಮಳೆಗಾಲದ ಸಂಜೆ, ಮನೆ ಸೇರುವ ಆತುರದಲ್ಲಿ, ತಿರುವಿನಲ್ಲಿ ಏನೋ ತಗುಲಿದ ಸದ್ದಾಯಿತು. ಇಳಿದು ನೋಡಿದರೆ ಒಂದು ಕರಿಯ ನಾಯಿಮರಿ. ಸತ್ತಿರಲಿಲ್ಲ. ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು. ಅದು ಕಚ್ಚಲು ಬಂದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಟವೆಲಿನಲ್ಲಿ ಸುತ್ತಿ ಪಶು ಆಸ್ಪತ್ರೆಗೆ ಒಯ್ದೆ. ಹಿಂದಿನ ಎಡಗಾಲು ಮುರಿದಿತ್ತು. ಮೂಳೆ ಕೂಡಿತು, ಕುಂಟು ಉಳಿಯಿತು. ‘ವಾಸಿಯಾಗುವ ತನಕ ಇರಲಿ’ ಎಂದು ಮನೆಗೆ ತಂದದ್ದು ಮನೆಯಲ್ಲೇ ಉಳಿಯಿತು. ಅಂಗಳದ ಮೂಲೆ, ಹಳೆಯ ಗೋಣಿಚೀಲ, ರಾತ್ರಿ ಮಿಕ್ಕ ಮುದ್ದೆ, ಬೆಳಗಿನ ಹಾಲನ್ನ, ಎಲ್ಲವೂ ಕ್ರಮೇಣ ಅದರ ಹಕ್ಕಾದವು. ಆದರೆ ಒಂದು ವಿಷಯದಲ್ಲಿ ಮಾತ್ರ ಕಾಳಿ ಬದಲಾಗಲಿಲ್ಲ. ನಾನು ಕಾರಿನ ಕೀಲಿ ಎತ್ತಿಕೊಂಡರೆ ಸಾಕು, ನಡುಗುತ್ತ ಹಿತ್ತಲಿಗೆ ಓಡುತ್ತಿತ್ತು. ಬೆಳಿಗ್ಗೆ ಎದ್ದು ನಾಯಿಯನ್ನು ಹೆದರಿಸಿ ಕೆಲಸಕ್ಕೆ ಹೋಗುವುದು ಯಾರಿಗೆ ಚಂದ? ಮೊದಲು ಒಂದು ವಾರ ಬಸ್ಸಿನಲ್ಲಿ ಹೋದೆ. ಮತ್ತೊಂದು ವಾರ. ಆರನೇ ತಿಂಗಳಲ್ಲಿ ಕಾರು ಮಾರಿದೆವು.

ಈಗ ದಿನಚರಿಯೇ ಬೇರೆ. ಬೆಳಿಗ್ಗೆ ಕಾಳಿಯೊಂದಿಗೆ ಹುಚ್ಚರಾಯನ ಕೆರೆ ಏರಿಯ ಮೇಲೆ ಒಂದು ಸುತ್ತು. ಆಮೇಲೆ ಅದನ್ನು ಮನೆಗೆ ಬಿಟ್ಟು ಬಸ್ ನಿಲ್ದಾಣದವರೆಗೆ ನಡಿಗೆ. ಬಸ್ಸು ತಡವಾದ ದಿನ ಬೈಸಿಕೊಳ್ಳುವುದೂ ಉಂಟು, ಮಳೆಯಲ್ಲಿ ಕೊಡೆ ಮಡಚಿಕೊಂಡು ಜೋತಾಡುವುದೂ ಉಂಟು. ಆದರೆ ಕಾರಿನಲ್ಲಿ ಹತ್ತು ವರ್ಷ ಒಬ್ಬರ ಪರಿಚಯವೂ ಆಗದ ರಸ್ತೆಯಲ್ಲಿ ಈಗ ಪೇಟೆಗೆ ಹೂ ತರುವ ಅಜ್ಜಿಯಿಂದ ಹಿಡಿದು ಕಾಲೇಜು ಹುಡುಗರವರೆಗೆ ಎಲ್ಲರೂ ಪರಿಚಿತರು. ಆ ಅಜ್ಜಿಯೇ ಒಂದು ದಿನ, “ಇಷ್ಟು ವರ್ಷ ಇಲ್ಲೇ ಓಡಾಡ್ತೀರಿ, ಬಂದಳಿಕೆ ಬನಶಂಕರೀನ ನೋಡಿಲ್ವಾ?” ಎಂದು ಕೇಳಿದ್ದು. ನೋಡಿದ್ದೆ, ಒಮ್ಮೆ, ಕಾರಿನಲ್ಲಿ, ಅರ್ಧ ಗಂಟೆ. ಏನು ಕಂಡೆನೆಂದು ಹೇಳಲು ಹೋದರೆ ಬಾಯಿಗೆ ಏನೂ ಬರಲಿಲ್ಲ.

ಶಿರಾಳಕೊಪ್ಪದಲ್ಲಿ ಇಳಿದು ಆನವಟ್ಟಿ ದಿಕ್ಕಿನ ಖಾಸಗಿ ಬಸ್ಸು ಹತ್ತಿದೆವು. ಇಲ್ಲಿನ ಕಂಡಕ್ಟರ್ ಕಾಳಿಗೆ ಏನನ್ನೂ ಕೇಳಲಿಲ್ಲ, “ಕಚ್ಚಲ್ವಲ್ಲ?” ಎಂದಷ್ಟೇ ವಿಚಾರಿಸಿಕೊಂಡ. ಈ ಸೀಮೆಯಲ್ಲಿ ಯಾವ ಕಡೆ ತಿರುಗಿದರೂ ಇತಿಹಾಸವೇ. ಪಕ್ಕದಲ್ಲೇ ಅಲ್ಲಮನ ಬಳ್ಳಿಗಾವಿ; ಅದರಾಚೆ ತಾಳಗುಂದ. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿನ ಪಲ್ಲವರ ಕುದುರೆ ಸವಾರರೊಂದಿಗೆ ಜಗಳವಾಗಿ ಕತ್ತಿ ಹಿಡಿದನೆಂದು ತಾಳಗುಂದದ ಕಂಬದ ಶಾಸನ ಹೇಳುತ್ತದೆ. ನಡೆಯುವವನಿಗೂ ಸವಾರನಿಗೂ ತಕರಾರು ಇಂದಿನದಲ್ಲ ಎಂದುಕೊಂಡೆ. ನಾನು ಹತ್ತು ವರ್ಷ ಯಾವ ಕಡೆಯವನಾಗಿದ್ದೆ ಎಂಬುದೂ ನೆನಪಾಯಿತು.

ಬಂದಳಿಕೆಯ ಕಡೆ ಒಡೆಯುವ ದಾರಿಯಲ್ಲಿ ಇಳಿದು ನಡೆಯತೊಡಗಿದೆವು. ಮೆಕ್ಕೆಜೋಳದ ಹೊಲ, ಗದ್ದೆ, ನಡುನಡುವೆ ಅಡಿಕೆ ತೋಟ. ಮಲೆನಾಡು ಮುಗಿದು ಬಯಲುಸೀಮೆ ಇನ್ನೂ ಶುರುವಾಗದ ಊರುಗಳಿವು. ಕಾಳಿ ಮೂರೂವರೆ ಕಾಲಿನಲ್ಲಿ ಕುಂಟುತ್ತ ಮುಂದೆ, ನಾವು ಹಿಂದೆ. ಪ್ರತಿ ಬೇಲಿಯನ್ನೂ ಮೂಸದೆ ಅದು ಮುಂದೆ ಹೋಗದು. ಅದು ನಿಂತಲ್ಲೆಲ್ಲ ನಾವೂ ನಿಲ್ಲಬೇಕು. ಹಾಗೆ ನಿಂತಾಗಲೇ ಹೊಲದವರು “ಯಾವೂರಾತು?” ಎಂದು ಮಾತಿಗೆ ಬಂದದ್ದು, ಕುಡಿಯಲು ನೀರು ಕೊಟ್ಟದ್ದು. ನೀರು ಕೊಟ್ಟಾಕೆ ಕೇಳದೆಯೇ ಕಾಳಿಗೂ ಒಂದು ಚಿಪ್ಪಿನಲ್ಲಿ ನೀರಿಟ್ಟಳು.

ಬಂದಳಿಕೆ ಒಂದು ಕಾಲಕ್ಕೆ ಬಾಂಧವಪುರ, ನಾಗರಖಂಡದ ಮುಖ್ಯ ಪಟ್ಟಣ. ಈಗ ಮರ ಪೊದೆಗಳ ನಡುವೆ ಗುಡಿಗಳಷ್ಟೇ. ಬಾಗಿಲಲ್ಲಿ ಕಾವಲಿನವರು ಕಾಳಿಯನ್ನು ನೋಡಿ ಸಂಕೋಚದಿಂದಲೇ ತಡೆದರು. “ನಾಯಿ ಒಳಗೆ ಬಿಡಂಗಿಲ್ಲ ಸಾರ್, ರೂಲ್ಸು.” ಅವರು ಹೇಳಿದ್ದು ಸರಿಯೇ, ಸಂರಕ್ಷಿತ ಸ್ಮಾರಕಗಳೊಳಗೆ ಪ್ರಾಣಿಗಳನ್ನು ತರುವಂತಿಲ್ಲ. ಹಾಗಾಗಿ ಪಾಳಿ ಮಾಡಿಕೊಂಡೆವು. ಒಬ್ಬರು ಮರದಡಿ ಕಾಳಿಯೊಂದಿಗೆ, ಇನ್ನೊಬ್ಬರು ಒಳಗೆ.

ಮೊದಲ ಪಾಳಿ ನನ್ನದು. ಮೂರು ಗರ್ಭಗುಡಿಗಳ ತ್ರಿಮೂರ್ತಿ ನಾರಾಯಣ ಗುಡಿ 1160ರ ಸುಮಾರಿನದು. ಸೋಮೇಶ್ವರ ಗುಡಿಯ ಬಾಗಿಲಿನ ಎರಡೂ ಬದಿಯ ಕಲ್ಲಿನ ಜಾಲಂಧ್ರಗಳಲ್ಲಿ ರಾಮಾಯಣ ಮಹಾಭಾರತದ ಕಥೆಗಳನ್ನು ಕೊರೆದಿದ್ದಾರೆ. ಕಾರಿನಲ್ಲಿ ಬಂದಾಗ ಅದನ್ನು ಬರೀ ಕಿಂಡಿಯೆಂದುಕೊಂಡು ದಾಟಿದ್ದೆ. ಈ ಸಲ ಒಂದೊಂದೇ ಗೊಂಬೆಯನ್ನು ನೋಡುತ್ತ ನಿಂತೆ.

ಎರಡನೇ ಪಾಳಿಯವಳು ಶಾಂತಿನಾಥ ಬಸದಿಯಲ್ಲಿ ಎಷ್ಟೋ ಹೊತ್ತು ಕುಳಿತಿದ್ದಳು. ಬಂದವಳೇ ಹೇಳಿದ್ದು ಜಕ್ಕಿಯಬ್ಬೆಯ ಮಾತು. ಹತ್ತನೆಯ ಶತಮಾನದ ಮೊದಲಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ಗಂಡ ನಾಗಾರ್ಜುನ ತೀರಿಕೊಂಡ ಮೇಲೆ ನಾಗರಖಂಡದ ಅಧಿಕಾರವನ್ನು ಅವಳಿಗೇ ವಹಿಸಿದರು. ಸಮರ್ಥಳಾಗಿ ಆಳಿ, ಕೊನೆಗೆ ರೋಗ ಬಂದಾಗ ಎಲ್ಲವನ್ನೂ ಮಗಳಿಗೆ ಒಪ್ಪಿಸಿ, ಈ ಬಂದಳಿಕೆಯ ಬಸದಿಗೆ ಬಂದು ಸಲ್ಲೇಖನ ವ್ರತದಿಂದ ದೇಹ ಬಿಟ್ಟಳೆಂದು ಇಲ್ಲಿನ ಶಾಸನದಲ್ಲಿದೆ. “ಬಿಡಬೇಕಾದ್ದನ್ನು ಬಿಡುವುದು ಅಂದ್ರೆ ಅದು. ನೀವು ಒಂದು ಕಾರು ಬಿಟ್ಟಿದ್ದಕ್ಕೆ ಊರೆಲ್ಲಾ ಹೇಳ್ಕೊಂಡು ತಿರುಗ್ತೀರಿ” ಎಂದಳು. ನಾನು ಕಾಳಿಯ ಕಿವಿ ತುರಿಸುತ್ತ ಸುಮ್ಮನಿದ್ದೆ.

ಕಾಳಿ ಎಂಬ ಹೆಸರು ಬಂದದ್ದೂ ಶಾಸನದಿಂದಲೇ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ವಸ್ತು ಸಂಗ್ರಹಾಲಯದಲ್ಲಿರುವ ಕಲ್ಲಿನ ಕಥೆ ಅದು. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ಬೂತುಗ ‘ಏನು ಬೇಕು?’ ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಂದಿಗೆ ಕಾದಿ ಸತ್ತಾಗ ಕ್ರಿ.ಶ. 950ರ ಸುಮಾರಿಗೆ ಅದಕ್ಕೊಂದು ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಪೂಜೆ ಮಾಡದೆ ಉಂಡರೆ ಪೂಜಾರಿಗೆ ನಾಯಿಯ ಪಾಪ ಎಂದೂ ಬರೆಸಿದರು. ಬೇಟೆಯಿಂದಲೇ ಹೆಸರು ಬಂತೆನ್ನುವ ಶಿಕಾರಿಪುರದಲ್ಲಿ ನಮ್ಮ ಕಾಳಿ ಬೇಟೆಯಾಡಿದ್ದು ಹಲ್ಲಿಯನ್ನು ಮಾತ್ರ. ಆ ಮಣಲೇರ ತನ್ನ ನಾಯಿಗೆ ಕಲ್ಲು ಹಾಕಿಸಿದ. ನಾನು ಕಾಲು ಮುರಿದೆ. ಹೆಸರಿಡುವಾಗ ಅದೂ ಮನಸ್ಸಿನಲ್ಲಿತ್ತು.

ಹೋಗುವವರಿಗೆ ಒಂದು ಮಾತು: ಬುತ್ತಿ, ನೀರು ಜೊತೆಗಿರಲಿ. ಬಸ್ಸಿನ ವೇಳೆಯನ್ನು ಶಿರಾಳಕೊಪ್ಪದಲ್ಲೇ ಕೇಳಿಕೊಳ್ಳಿ. ನಾಯಿ ಇದ್ದರೆ ಇಬ್ಬರಾದರೂ ಹೋಗಿ, ಪಾಳಿಗೆ.

ಸಂಜೆ ಮುಖ್ಯರಸ್ತೆಯತ್ತ ಹಿಂತಿರುಗುವಾಗ ಹಿಂದಿನಿಂದ ಕಾರಿನ ಸದ್ದಾಯಿತು. ಕಾಳಿ ನನ್ನ ಕಾಲಿಗೆ ಒತ್ತಿ ನಿಂತಿತು. ಕಾರು ನಿಧಾನವಾಗಿ ಪಕ್ಕಕ್ಕೆ ಬಂದು ನಿಂತಿತು. ಒಳಗಿದ್ದವರು ಒಳ್ಳೆಯವರು, “ಹತ್ತಿ ಸಾರ್, ನಾಯೀನೂ ಇರಲಿ, ಪಾಪ ಕುಂಟ್ತಾ ಇದೆ” ಎಂದರು. ನಾನು ಕಾಳಿಯ ಮುಖ ನೋಡಿದೆ.

“ಇರಲಿ, ನಡೀತೀವಿ. ಬಸ್ಸಿಗೆ ಇನ್ನೂ ಹೊತ್ತಿದೆ” ಎಂದೆ. ಕಾರು ಮರೆಯಾಗುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಕಾಳಿಯೇ ಮೊದಲು ಹೆಜ್ಜೆ ಹಾಕಿತು.