ಹುಣಸೆ ಬೀಜ, ಅಂಗಿ ಗುಂಡಿ

ಚೌಕಾಬಾರದಲ್ಲಿ ನನಗೆ ಗೆಲುವಿಗಿಂತ ಕಾಯಿಗಳ ಮೇಲೆಯೇ ಮೋಹ. ಆಡುವವರು ನಾಲ್ವರು, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಹದಿನಾರೂ ಒಂದೇ ಮಣೆಯಲ್ಲಿ ಸುತ್ತುವಾಗ ಯಾರದು ಯಾವುದೆಂದು ಥಟ್ಟನೆ ಗೊತ್ತಾಗಬೇಕು. ಮಾಲೂರಿನಲ್ಲಿ ಅದಕ್ಕೇನು ಬರ? ಹೆಂಚು, ಇಟ್ಟಿಗೆಗಳ ಊರದು; ಕೆಂಪು ಚೂರು ಬೇಕಾದಷ್ಟು. ಮುಳಬಾಗಿಲ ಕಡೆಯವರಿಗೆ ಬಂಡೆಯ ಬೂದು ಹರಳು. ಇನ್ನೊಬ್ಬರು ಒಡೆದ ಹಸಿರು ಬಳೆ ಆಯ್ದುಕೊಳ್ಳುತ್ತಾರೆ. ನನಗೆ ಮಾತ್ರ ಹಳೆಯ ಅಂಗಿಯ ಗುಂಡಿಯೇ ಆಗಬೇಕು. ಚಪ್ಪಟೆಯಾದ್ದರಿಂದ ಉರುಳುವುದಿಲ್ಲ, ಬೆರಳ ತುದಿಯಲ್ಲಿ ತಳ್ಳಿದರೆ ಮನೆಯಿಂದ ಮನೆಗೆ ಜಾರುತ್ತದೆ.

ಗರ ಹಾಕಲು ಕವಡೆ ಚೆಂದವೇ. ಆದರೆ ಕೋಲಾರದ ಸೀಮೆಯಲ್ಲಿ ಹುಟ್ಟಿದವರಿಗೆ ಹುಣಸೆ ಬೀಜವೇ ಹತ್ತಿರ. ಹಣ್ಣು ಬಿಡಿಸುವ ಕಾಲಕ್ಕೆ ಜಗಲಿಯ ತುಂಬ ಬೀಜ. ಅಗಲಕ್ಕೂ ತೂಕಕ್ಕೂ ಸಮನಾದ ನಾಲ್ಕನ್ನು ಆರಿಸಿ, ಒರಟು ಕಲ್ಲಿನ ಮೇಲೆ ಒಂದೇ ಮಗ್ಗುಲನ್ನು ಉಜ್ಜುತ್ತೇನೆ. ಕಂದು ಸಿಪ್ಪೆ ಸವೆದು ಬಿಳುಪು ಹರಡಿದೊಡನೆ ಕೈ ನಿಲ್ಲಬೇಕು. ಇನ್ನೂ ಉಜ್ಜಿದರೆ ಬೀಜ ತೆಳ್ಳಗಾಗಿ ಸಮತೂಕ ಕೆಡುತ್ತದೆ, ಗರದ ನ್ಯಾಯವೂ ಕೆಡುತ್ತದೆ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಮುಚ್ಚಿದರೆ ಬಾರ: ಎಂಟು ಮನೆ, ಜೊತೆಗೆ ಇನ್ನೊಂದು ಗರ!

ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಒಮ್ಮೆ ಆಡು ಹುಲಿ ಆಟ ನೋಡಿದೆ. ನೆಲದ ಮೇಲೆ ಗೀಚಿದ ಗೆರೆ, ಉದುರಿದ ಮಿಡಿಗಳೇ ಆಡುಗಳು, ಕರಿಗಲ್ಲುಗಳೇ ಹುಲಿಗಳು. ಅದಕ್ಕಿಂತ ಸರಿಯಾದ ಜೋಡಿ ನನಗೆ ಈವರೆಗೂ ಹೊಳೆದಿಲ್ಲ. ಮೈಸೂರಿನಲ್ಲಿ ಹೊಸ ಹೊಸ ಮಣೆಯಾಟಗಳನ್ನೇ ಕಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರೂ (1794–1868) ಇದನ್ನು ಕಂಡಿದ್ದರೆ ಮೆಚ್ಚುತ್ತಿದ್ದರೆಂದೇ ನನ್ನ ನಂಬಿಕೆ.

ಗುಂಡಿ ಎಂದೆನಲ್ಲ, ಕ್ಯಾಸಿನೋಗಳ ಪೋಕರ್ ಮೇಜಿನ ಮೇಲೂ ‘ಬಟನ್’ ಎಂದೇ ಕರೆಯುವ ಒಂದು ಬಿಲ್ಲೆ ಇರುತ್ತದೆ, ಸಾಮಾನ್ಯವಾಗಿ ಬಿಳಿಯದು. ಒಂದೊಂದು ಆಟ ಮುಗಿದಾಗಲೂ ಅದು ಎಡಗಡೆಯವರ ಮುಂದೆ ಸರಿಯುತ್ತದೆ. ಎಲೆ ಹಂಚುವ ಸರದಿಯ ಗುರುತು ಅದು. ಅದನ್ನು ಯಾರೂ ಗೆಲ್ಲುವುದಿಲ್ಲ, ಸೋಲುವುದೂ ಇಲ್ಲ. ನಮ್ಮ ಕಾಯಿಯ ಪಾಡು ಬೇರೆ. ಏಟು ತಿಂದರೆ ಹೊರಟ ಕಟ್ಟೆಗೇ ವಾಪಸು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ದಾರಿಯಿಲ್ಲ. ನಡುಮನೆ ಮುಟ್ಟಿದರೆ ಹಣ್ಣು. ಇಷ್ಟೆಲ್ಲ ಅನುಭವಿಸುವ ಕಾಯಿಯನ್ನು ನಾವೇ ಹುಡುಕಿ ಆರಿಸಬೇಕು. ಅಂಗಡಿಯ ಪ್ಲಾಸ್ಟಿಕ್ ಕಾಯಿಗಳು ಬಣ್ಣದಲ್ಲಷ್ಟೇ ಬೇರೆ, ಮುಟ್ಟಿದರೆ ಎಲ್ಲ ಒಂದೇ. ಕರೆಂಟು ಹೋದರೂ ನನ್ನ ಗುಂಡಿಯ ನಾಲ್ಕು ತೂತು ಬೆರಳಿಗೆ ತಿಳಿಯುತ್ತವೆ, ಮಾಲೂರಿನ ಹೆಂಚಿನ ತರಿಯೂ ತಿಳಿಯುತ್ತದೆ.