ಪೌತಿ ಖಾತೆಯ ಮಿಷನರಿ

ಈಸ್ಟರ್ ಕಳೆದು ಬೇಸಿಗೆ ರಜೆ ಬಿತ್ತೆಂದರೆ ಬೆಂಗಳೂರಿನ ದಂಡು ಪ್ರದೇಶದ ಚರ್ಚುಗಳ ನೋಟೀಸ್ ಬೋರ್ಡಿನಲ್ಲಿ ಗುಂಡುಪಿನ್ನು ಚುಚ್ಚಲೂ ಜಾಗ ಸಿಗುವುದಿಲ್ಲ. ಮಕ್ಕಳ ರಜಾ ಬೈಬಲ್ ಶಾಲೆ (ವಿಬಿಎಸ್), ಸ್ತ್ರೀಯರ ಕೂಟದ ಉಪ್ಪಿನಕಾಯಿ ಮಾರಾಟ, ಕಾಯಿರ್ ಪ್ರಾಕ್ಟೀಸು, ವೇಳಾಂಗಣ್ಣಿಗೆ ಹೊರಡುವ ಬಸ್ಸು. ಇವುಗಳ ನಡುವೆ ಈಚೆಗೆ ಇನ್ನೊಂದು ಚೀಟಿ: 'ಬಡ ಕುಟುಂಬಕ್ಕೆ ಮನೆ ಕಟ್ಟುವ ಮಿಷನ್ ಟ್ರಿಪ್. ಯೌವನಸ್ಥರು ಹೆಸರು ಕೊಡಬಹುದು. ಟೋಪಿ, ನೀರಿನ ಬಾಟಲಿ ತರತಕ್ಕದ್ದು.' ಬೈಬಲ್ ತರಬೇಕೆಂದು ಬರೆದಿರುವುದಿಲ್ಲ. ಅದನ್ನು ಹೇಳಬೇಕಿಲ್ಲವೆಂದೋ, ಸಿಮೆಂಟು ಮೆತ್ತೀತೆಂದೋ, ದೇವರೇ ಬಲ್ಲ.

ನಮ್ಮ ಚರ್ಚಿನಿಂದಲೂ ಅಂಥದೊಂದು ವ್ಯಾನು ಹೊರಟಿತು. ಹುಡುಗ ಹುಡುಗಿಯರ ಜೊತೆಗೆ ದೊಡ್ಡವರು ಒಬ್ಬರಾದರೂ ಇರಬೇಕೆಂದು ಸಭಾಪಾಲಕರು ನನ್ನನ್ನೂ ಹತ್ತಿಸಿದರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಬಿಳಿ ಕೈಗವಸು. ಒಂದೇ ವ್ಯಾನಿನಲ್ಲಿ ತಮಿಳು, ಕನ್ನಡ, ತೆಲುಗು, ಇಂಗ್ಲಿಷು. ದಂಡಿನ ಚರ್ಚಿನಲ್ಲಿ ಭಾನುವಾರ ಗಂಟೆಗೊಂದರಂತೆ ಬೇರೆಬೇರೆ ಆರಾಧನೆಗೆ ಬಂದು ಗೇಟಿನಲ್ಲಿ ಮುಖ ನೋಡಿ ಹೋಗುವವರು ಅಂದು ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತಿದ್ದರು. ಹಲಸೂರು ಬಿಡುವಾಗ ಶುರುವಾದ ಭಕ್ತಿಗೀತೆಗಳು ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಮುಗಿದುಹೋದವು. ಕೆ.ಆರ್. ಪುರದ ತೂಗುಸೇತುವೆಯ ಮೇಲೆ ಇಳಯರಾಜ ಬಂದ, ಹಂಸಲೇಖ ಬಂದ. ಹಳೇ ಮದ್ರಾಸು ರಸ್ತೆ ಬಿಟ್ಟು ಮಣ್ಣುದಾರಿಗೆ ಇಳಿದಾಗ ಮಾತ್ರ ಎಲ್ಲರೂ ಸುಮ್ಮನಾದರು. ಅದು ಭಕ್ತಿಯಿಂದಲ್ಲ, ಗುಂಡಿಗಳಿಂದ.

ಹೀಗೆ ಟೋಪಿ ಹಾಕಿಕೊಂಡು ಬಡವರ ಮನೆ ಕಟ್ಟಲು ಹೊರಡುವ ಪರಿಪಾಠಕ್ಕೆ ಒಂದು ಅಮೆರಿಕನ್ ಕಥೆಯಿದೆ. ಮಿಲ್ಲರ್ಡ್ ಫುಲ್ಲರ್ ಎಂಬ ಅಲಬಾಮದ ವಕೀಲ, ಕೋಟ್ಯಧೀಶ, ಗಳಿಸಿದ್ದನ್ನೆಲ್ಲ ಬಿಟ್ಟು ಹೆಂಡತಿ ಲಿಂಡಾಳೊಂದಿಗೆ 1976ರಲ್ಲಿ ಜಾರ್ಜಿಯಾದ ಅಮೆರಿಕಸ್ ಎಂಬ ಸಣ್ಣ ಊರಿನಲ್ಲಿ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಸಂಸ್ಥೆಯನ್ನು ಕಟ್ಟಿದ. 1983ರಲ್ಲಿ ಅದು ಆಗಿನ ಆಂಧ್ರದ ಖಮ್ಮಂಗೆ ಬಂತು. ಅದರ ಮೂಲ ನಿಯಮ ನನಗೆ ಬಹಳ ಹಿಡಿಸುತ್ತದೆ: ಮನೆ ಪುಕ್ಕಟೆಯಲ್ಲ. ಲಾಭವಿಲ್ಲದ ಬೆಲೆ, ಬಡ್ಡಿಯಿಲ್ಲದ ಕಂತು, ಜೊತೆಗೆ ಮನೆಯವರ ಸ್ವಂತ ಬೆವರಿನ ಪಾಲು. ಮರಳಿ ಬಂದ ಹಣ ಇನ್ನೊಬ್ಬರ ಪಾಯಕ್ಕೆ. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಜಿಮ್ಮಿ ಕಾರ್ಟರ್ ಸುತ್ತಿಗೆ ಹಿಡಿದು ನಿಂತ ಮೇಲೆ ಈ ಕೆಲಸಕ್ಕೆ ಜಗತ್ತಿನಲ್ಲೆಲ್ಲ ಹೆಸರು ಬಂತು. 2006ರಲ್ಲಿ ಅವರು ಪುಣೆ ಹತ್ತಿರದ ಲೋಣಾವಳಕ್ಕೂ ಬಂದರು. ಸಾವಿರಾರು ಸ್ವಯಂಸೇವಕರು ಸೇರಿ ಒಂದು ವಾರದಲ್ಲಿ ನೂರು ಮನೆಗಳನ್ನು ಎಬ್ಬಿಸಿದರು.

ಅದೇ ಕಾರ್ಟರರ ತಾಯಿಯ ಕಥೆ ಅಷ್ಟಾಗಿ ಯಾರಿಗೂ ನೆನಪಿಲ್ಲ. ಲಿಲಿಯನ್ ಕಾರ್ಟರ್ 68ನೆಯ ವಯಸ್ಸಿನಲ್ಲಿ ಪೀಸ್ ಕೋರ್ ಎಂಬ ಅಮೆರಿಕನ್ ಸ್ವಯಂಸೇವಕರ ದಳ ಸೇರಿ, 1966ರಿಂದ ಸುಮಾರು ಎರಡು ವರ್ಷ ಮುಂಬಯಿಯ ವಿಕ್ರೋಲಿಯಲ್ಲಿ ದಾದಿಯಾಗಿ ದುಡಿದವರು. ಮಗ ಒಂದು ವಾರ, ತಾಯಿ ಎರಡು ವರ್ಷ. ನನ್ನ ಪ್ರಬಂಧವೆಲ್ಲ ಈ ಲೆಕ್ಕದ ಸುತ್ತಲೇ ಇದೆ.

ನಮ್ಮ ಕಡೆಯ ಹಳೆಯ ಮಿಷನರಿಗಳೂ ತಾಯಿಯ ಲೆಕ್ಕದವರೇ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಮೂಲ 1818ರಲ್ಲಿ ಅಬ್ಬೆ ದ್ಯುಬುವಾ ಕಟ್ಟಿಸಿದ ಹುಲ್ಲುಮಾಡಿನ ಪ್ರಾರ್ಥನಾಲಯ. ಆ ಫ್ರೆಂಚ್ ಪಾದ್ರಿ ಮೈಸೂರು ಸೀಮೆಯಲ್ಲಿ ದಶಕಗಳ ಕಾಲ ಕಾವಿ ತೊಟ್ಟು ತಿರುಗಿ, ಸಿಡುಬಿನ ಲಸಿಕೆ ಹಾಕಿಸಿ, ಹಾಸನದ ಸಾತಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಎಬ್ಬಿಸಿದವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಹತ್ತಿರ ಜಾತಿ ಬಿಟ್ಟು, ಅದರಿಂದ ಮನೆಯನ್ನೂ ಕಸುಬನ್ನೂ ಕಳೆದುಕೊಂಡವರು ಬಂದು ನಿಂತರು. ಪ್ರಾರ್ಥನೆಯಿಂದ ಹೊಟ್ಟೆ ತುಂಬುವುದಿಲ್ಲವೆಂದು ಮಿಷನ್ನಿನವರು ಮಗ್ಗ ಹೂಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಹೆಂಚು ಯಾವ ಧರ್ಮವನ್ನೂ ಕೇಳದೆ ದೇವಸ್ಥಾನ, ಮಸೀದಿ, ಶಾಲೆ, ಪೊಲೀಸ್ ಠಾಣೆ ಎಲ್ಲದರ ಮೇಲೂ ಕೂತಿತು. 1945ರಲ್ಲಿ ಕುಷ್ಠರೋಗಿಗಳ ಮಿಷನ್ನಿನ ಕಟ್ಟಡ ಕೆಲಸಕ್ಕೆಂದು ಬಂದ ಇಂಗ್ಲಿಷ್ ವಾಸ್ತುಶಿಲ್ಪಿ ಲಾರಿ ಬೇಕರ್ ತಾನು ಕಲಿಸುವ ಬದಲು ಹಳ್ಳಿಯ ಮೇಸ್ತ್ರಿಗಳಿಂದ ಕಲಿತು, ಭಾರತದ ಪೌರರಾಗಿ, 2007ರಲ್ಲಿ ತಿರುವನಂತಪುರದಲ್ಲೇ ಕಣ್ಣುಮುಚ್ಚಿದರು.

ನಮ್ಮ ಪೂರ್ವದ ಬೆಂಗಳೂರಿನಲ್ಲೇ ಮನೆಯಿಲ್ಲದವರಿಗೆ ನೆಲೆ ಕೊಟ್ಟ ದೊಡ್ಡ ಉದಾಹರಣೆ ಇದೆ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಸಂಘದ ಮುಂದಾಳು ವೈಟ್ ಎಂಬವರ ಹೆಸರಿನಲ್ಲಿ ಅದು ವೈಟ್‌ಫೀಲ್ಡ್ ಆಯಿತು. ಅಲ್ಲಿ ಜನ ನಿಂತದ್ದಕ್ಕೆ ಕಾರಣ ಗೋಡೆಗಿಂತ ಹೆಚ್ಚಾಗಿ ಅರಸರು ಕೊಟ್ಟ ನೆಲ ಮತ್ತು ಅದರ ಕಾಗದ. ಈ ಮಾತನ್ನು ಸ್ವಲ್ಪ ನೆನಪಿಡಿ.

ನಮ್ಮ ವ್ಯಾನು ನಿಂತಲ್ಲಿ ಪಾಯ ಮುಗಿದು ಸಾಲಿಡ್ ಬ್ಲಾಕಿನ ಗೋಡೆ ಸೊಂಟದೆತ್ತರಕ್ಕೆ ಬಂದಿತ್ತು. ಮೇಸ್ತ್ರಿ ನಮ್ಮ ಬಿಳಿ ಕೈಗವಸುಗಳನ್ನು ನೋಡಿದ, ನಂತರ ತನ್ನ ತೂಗುಗುಂಡನ್ನು ನೋಡಿಕೊಂಡ. ಬುದ್ಧಿವಂತ. ಗೋಡೆಗೆ ಕೈ ಹಚ್ಚಲು ಒಬ್ಬರನ್ನೂ ಬಿಡಲಿಲ್ಲ. "ಕರಣಿ ನನಗಿರಲಿ ಸಾರ್, ನೀವು ಮರಳು ಜರಡಿ ಹಿಡೀರಿ, ಬ್ಲಾಕ್ ಸಾಗಿಸಿ, ನಿನ್ನೆ ಕಟ್ಟಿದ್ದಕ್ಕೆ ನೀರು ಹೊಡೀರಿ" ಎಂದ. ಹತ್ತಾರು ಪದವೀಧರರು ಸಾಲಾಗಿ ನಿಂತು ಬ್ಲಾಕುಗಳನ್ನು ಕೈಯಿಂದ ಕೈಗೆ ದಾಟಿಸತೊಡಗಿದರು. ಸಾಲಿನ ಕೊನೆಯಲ್ಲಿ ಮನೆಯೊಡತಿ ನಿಂತಿದ್ದಳು. ತಲೆಯ ಮೇಲೆ ಸಿಂಬೆ, ಅದರ ಮೇಲೆ ಬಾಂಡ್ಲಿ. ನಮ್ಮ ಸಾಲು ಒಂದು ಬ್ಲಾಕು ಸಾಗಿಸುವಷ್ಟರಲ್ಲಿ ಅವಳು ಕಲಸಿದ ಸಿಮೆಂಟನ್ನು ಎರಡು ಸಲ ಮುಟ್ಟಿಸಿ ಬರುತ್ತಿದ್ದಳು.

ಅವಳು ಗಾರೆ ಕೆಲಸದ ಹೆಣ್ಣಾಳು. ವಯಸ್ಸಿಗೆ ಬಂದಾಗಿನಿಂದ ಇಂದಿರಾನಗರದ ಕಟ್ಟಡಗಳಿಗೆ ಹೊತ್ತವಳು. ಟೀ ಹೊತ್ತಿಗೆ ಇಂದಿರಾನಗರದ ನಮ್ಮ ಹುಡುಗಿಯೊಬ್ಬಳನ್ನು ವಿಳಾಸ ಕೇಳಿ, "ಓ, ನೂರಡಿ ರಸ್ತೆ ಪಕ್ಕದ್ದಾ? ಆ ಬಟ್ಟೆ ಅಂಗಡಿ ಐತಲ್ಲ, ಅದರ ಮೂರನೇ ಮೋಲ್ಡು ಹಾಕಿದ ದಿನ ನನ್ನ ಮಗ ಹೊಟ್ಟೇಲಿದ್ದ" ಎಂದಳು. ಹುಡುಗಿ ಏನೂ ಹೇಳಲಾರದೆ ಬಿಸ್ಕತ್ತು ಮುಂದೆ ಹಿಡಿದಳು. ಮಧ್ಯಾಹ್ನ ಮನೆಯೊಡತಿಯೇ ಕೇಳಿದಳು: "ನಿಮಗೆ ದಿನಕ್ಕೆ ಎಷ್ಟು ಕೊಡ್ತಾರಮ್ಮ?"

"ಏನೂ ಇಲ್ಲ ಅಕ್ಕ, ನಾವೇ ದುಡ್ಡು ಕಟ್ಟಿ ಬಂದಿದೀವಿ."

"ಅಯ್ಯೋ ಪಾಪ!" ಎಂದಳು. ಮನಸ್ಸಿನಿಂದ ಬಂದ ಮರುಕ ಅದು. ಬಡವರಿಗೆ ಮರುಗಲು ಹೋದ ನಮ್ಮ ತಂಡ ಆ ಹೊತ್ತಿಗೆ ಒಬ್ಬ ಬಡವಿಯ ಮರುಕಕ್ಕೆ ಪಾತ್ರವಾಗಿ ಕೂತಿತ್ತು.

ಅಕ್ಕಪಕ್ಕದವರ ಪ್ರಶ್ನೆ ಬೇರೆ. ಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಅವಳು ಅರಿಶಿನ ಕುಂಕುಮ ಹಚ್ಚಿ, ಮಾವಿನೆಲೆ ಕಟ್ಟಿ, ಕಾಯಿ ಒಡೆದಳು. ನಮ್ಮವರ ಕಣ್ಣೆಲ್ಲ ಸಭಾಪಾಲಕರ ಮೇಲೆ. ಅವರು ಚಪ್ಪಲಿ ಬಿಟ್ಟು ಪಕ್ಕದಲ್ಲಿ ನಿಂತಿದ್ದರು, ಅಷ್ಟೇ. ಬೇಲಿಯಾಚೆಯ ಯಜಮಾನರೊಬ್ಬರು ಮುಚ್ಚುಮರೆಯಿಲ್ಲದೆ, "ಮನೆ ಆದ್ಮೇಲೆ ಇವಳು ನಿಮ್ಮ ಚರ್ಚಿಗೆ ಬರಬೇಕಾ ಸ್ವಾಮಿ?" ಎಂದು ಕೇಳಿದರು. ಕೇಳುವುದು ತಪ್ಪಲ್ಲ, 2022ರಲ್ಲಿ ಮತಾಂತರದ ಕಾನೂನು ಬಂದಾಗಿನಿಂದ ಆಮಿಷವೆಂಬ ಮಾತು ಹಳ್ಳಿಹಳ್ಳಿಯಲ್ಲೂ ಕೇಳುತ್ತದೆ. ಸಭಾಪಾಲಕರು, "ಬರೋದು ಬೇಡ ಯಜಮಾನ್ರೇ, ಮಳೇಲಿ ಸೋರಿದ್ರೆ ಒಂದು ಫೋನ್ ಮಾಡಿದ್ರೆ ಸಾಕು" ಎಂದರು. ಕೊಟ್ಟದ್ದಕ್ಕೆ ನಂಬಿಕೆಯನ್ನೇ ಬೆಲೆಯಾಗಿ ಕೇಳಿದರೆ ಅದು ವ್ಯಾಪಾರ. ಆ ಮಟ್ಟಿಗೆ ನಮ್ಮ ಗುರುಗಳ ಲೆಕ್ಕ ಮೇಸ್ತ್ರಿಯ ರಸಮಟ್ಟದಷ್ಟೇ ನೇರ.

ಮೋಲ್ಡು ಬಿತ್ತು, ಫೋಟೋ ತೆಗೆದದ್ದಾಯಿತು, ವ್ಯಾನು ಹಲಸೂರಿಗೆ ಮರಳಿತು. ಇಲ್ಲಿಗೆ ಮುಗಿಯಬೇಕಿದ್ದ ಕಥೆ ಶುರುವಾದದ್ದೇ ಇಲ್ಲಿಂದ. ಮನೆಗೆ ಕರೆಂಟು ಬರಲಿಲ್ಲ. ನಿವೇಶನದ ಹಕ್ಕುಪತ್ರ ತೀರಿಹೋದ ಅತ್ತೆಯ ಹೆಸರಿನಲ್ಲಿತ್ತು. ಖಾತೆ ಬದಲಾಗದೆ ಮೀಟರಿಲ್ಲ, ಸಾಲವಿಲ್ಲ. ನಾಳೆ ಮೈದುನ ಬಂದು ಹೊರಡೆಂದರೆ ಮಾತಿಲ್ಲ. ಗೋಡೆ ಅವಳದ್ದು, ನೆಲ ಸತ್ತವಳದ್ದು.

ಆಗ ಎದ್ದವರು ನಮ್ಮ ಸಭೆಯ ಒಬ್ಬ ಹಿರಿಯರು. ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ ಐಟಿಐಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೊಣಕಾಲು ನೋವೆಂದು ವ್ಯಾನು ಹತ್ತಿರಲಿಲ್ಲ. ಬ್ಲಾಕು ಮುಟ್ಟಿದವರಲ್ಲ, ಫೋಟೋದಲ್ಲೂ ಇಲ್ಲ. ಅವರು ಒಂದು ರಟ್ಟಿನ ಫೈಲು ಕೊಂಡು ಹೊರಟರು. ಅತ್ತೆಯ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮೈದುನಂದಿರ ಒಪ್ಪಿಗೆಯ ಸಹಿ, ಸತ್ತವರ ಆಸ್ತಿಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆ ಅರ್ಜಿ, ಇ-ಸ್ವತ್ತಿನ ನಮೂನೆ. ಅರ್ಜಿಯಲ್ಲಿ ಹೆಸರಿನ ಒಂದು ಅಕ್ಷರ ಆಧಾರಿಗೆ ಹೊಂದಲಿಲ್ಲವೆಂದು ವಾಪಸು. ಸಾಹೇಬರು ಮೀಟಿಂಗಿನಲ್ಲಿ, ಸರ್ವರು ಡೌನು, ನಾಳೆ ಬನ್ನಿ. ಅವರು ನಾಳೆಯೂ ಹೋದರು. ಮಳೆಗಾಲ ಹೋಗಿ ಕ್ರಿಸ್ಮಸ್ ಬಂತು. ಕಚೇರಿಯ ಜವಾನನೇ, "ಅಂಕಲ್, ಕೂತ್ಕೊಳ್ಳಿ, ಕಾಲು ನೋವಲ್ವಾ" ಎಂದು ಬೆಂಚು ತೋರಿಸುವ ಹಂತ ತಲುಪಿದ ಮೇಲೆ, ಯುಗಾದಿಯ ಹೊತ್ತಿಗೆ, ಖಾತೆ ಅವಳ ಹೆಸರಿಗೆ ಬಂತು. ಹಿಂದೆಯೇ ಮೀಟರೂ ಬಂತು.

ನಮ್ಮ ವ್ಯಾನಿನಂಥ ಮನೆ ಕಟ್ಟುವ ಯಾತ್ರೆಗಳ ಖರ್ಚನ್ನು ಬೇರೆಯವರೂ ಲೆಕ್ಕ ಹಾಕಿದ್ದಾರೆ. 1998ರ ಮಿಚ್ ಚಂಡಮಾರುತದ ನಂತರ ಅಮೆರಿಕದ ಚರ್ಚುಗಳಿಂದ ತಂಡತಂಡವಾಗಿ ಜನ ಹೊಂಡುರಾಸ್‌ಗೆ ಹಾರಿ ಮನೆ ಕಟ್ಟಿದರು. ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ ಹೋಗಿ ವಿಚಾರಿಸಿದರೆ, ವಿಮಾನದ ಖರ್ಚು ಸೇರಿ ಒಂದು ಮನೆಗೆ ಬಿದ್ದದ್ದು ಅಲ್ಲಿನವರೇ ಕಟ್ಟಿದ್ದರೆ ಆಗುತ್ತಿದ್ದ ಖರ್ಚಿನ ಹತ್ತು ಪಟ್ಟಿಗೂ ಮೇಲೆ. ತಂಡದವರು ಕಟ್ಟಿದ ಮನೆಯವರ ಬದುಕಿಗೂ ಸ್ಥಳೀಯರು ಕಟ್ಟಿದ ಮನೆಯವರ ಬದುಕಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಲಸೂರಿನಿಂದ ಹೊರಟವರಿಗೆ ವಿಮಾನದ ಖರ್ಚಿಲ್ಲ, ನಿಜ. ಆದರೂ ಟೀ ಶರ್ಟು, ವ್ಯಾನು, ಬಿರಿಯಾನಿಯ ಬಿಲ್ಲು ಕೂಡಿಸಿದರೆ ಒಬ್ಬ ಮೇಸ್ತ್ರಿಗೂ ಇಬ್ಬರು ಆಳುಗಳಿಗೂ ಸಾಕಷ್ಟು ದಿನದ ಕೂಲಿ ಹುಟ್ಟುತ್ತಿತ್ತು.

ಹಾಗೆಂದು ಹುಡುಗರು ಹೋಗಬಾರದೆಂದು ನಾನು ಹೇಳಲಾರೆ. ನೂರಡಿ ರಸ್ತೆಯ ಅಂಗಡಿಯನ್ನು ಹೊತ್ತವರು ಯಾರೆಂದು ಆ ಹುಡುಗಿಗೆ ತಿಳಿದದ್ದು ಸಣ್ಣ ವಿಷಯವಲ್ಲ. ಅದು ಯಾವ ಕಾಲೇಜಿನಲ್ಲೂ ಹೇಳಿಕೊಡುವ ಪಾಠವಲ್ಲ. ಆದರೆ ಪಾಠ ಕಲಿತವರು ಫೀಸು ಕೊಡಬೇಕು; ಪಾಠ ಹೇಳಿದವಳಿಗೆ ನಾವೇ ಉಪಕಾರ ಮಾಡಿದೆವೆಂದು ಸಾಕ್ಷಿ ಹೇಳಬಾರದು.

ಇಲ್ಲಿ ಬಡವರಿಗೆ ಬ್ಲಾಕು ಹೊರುವವರ ಬರವಿಲ್ಲ. ಹೊರುವವರು ಅವರೇ. ದೇವರಜೀವನಹಳ್ಳಿಯಿಂದ ಕೆ.ಆರ್. ಪುರದವರೆಗೆ ಎಷ್ಟೋ ಮನೆಯವರಿಗೆ ಕೊರತೆ ಗೋಡೆಯದ್ದಲ್ಲ, ಗೋಡೆಯನ್ನು ತಮ್ಮದೆಂದು ಹೇಳುವ ಕಾಗದದ್ದು. ನಮ್ಮ ದಂಡಿನ ಚರ್ಚುಗಳಲ್ಲಿ ಪ್ರತಿ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂರುವವರು ಯಾರು? ಐಟಿಐ, ಎಚ್‌ಎಎಲ್‌ನಿಂದ ನಿವೃತ್ತರಾದವರು, ಬ್ಯಾಂಕಿನವರು, ಶಾಲೆಯ ಮೇಡಂಗಳು, ಕೋರ್ಟಿನ ಗುಮಾಸ್ತರು. ಅರ್ಜಿ ಬರೆಯುವುದು, ಸಾಲಿನಲ್ಲಿ ಕಾಯುವುದು, 'ನಾಳೆ ಬನ್ನಿ' ಎಂದರೆ ನಗುತ್ತಾ ನಾಳೆ ಹೋಗುವುದು, ಇದರಲ್ಲಿ ಇವರಷ್ಟು ಪಳಗಿದವರು ಯಾವ ಮಿಷನ್ನಿನಲ್ಲೂ ಇಲ್ಲ.

ಆದ್ದರಿಂದ ಮುಂದಿನ ಬೇಸಿಗೆಗೆ ವ್ಯಾನು ಗೊತ್ತುಮಾಡುವ ಎಲ್ಲ ಸಂಘಗಳಿಗೂ, ಚರ್ಚಾಗಲಿ ಭಜನಾ ಮಂಡಳಿಯಾಗಲಿ ಕಂಪನಿಯಾಗಲಿ, ನನ್ನದೊಂದು ಅರಿಕೆ. ಹುಡುಗರನ್ನು ಧಾರಾಳವಾಗಿ ಕರೆದೊಯ್ಯಿರಿ. ಮೇಸ್ತ್ರಿಗೆ ಪೂರ್ತಿ ಕೂಲಿ ಕೊಡಿ, ಮನೆಯೊಡತಿ ಹೊತ್ತ ಬಾಂಡ್ಲಿಯನ್ನು ಅವಳ ಕಂತಿನ ಲೆಕ್ಕಕ್ಕೆ ಬರೆಯಿರಿ. ಪಾಯ ತೆಗೆಯುವ ಮೊದಲೇ ಹಕ್ಕುಪತ್ರ ಯಾರ ಹೆಸರಿನಲ್ಲಿದೆ ನೋಡಿ. ಅದು ಅವಳ ಹೆಸರಿಗೆ ಬರುವತನಕ ಕಚೇರಿಗೆ ಅಲೆಯಬಲ್ಲ ಒಬ್ಬರನ್ನು ನೇಮಿಸಿ, ಅವರ ಬಸ್ ಚಾರ್ಜು ಸಂಘದ ಲೆಕ್ಕದಲ್ಲಿ ಹಾಕಿ. ಟೀ ಶರ್ಟು ಕಡೆಗೆ ನೋಡಿಕೊಳ್ಳೋಣ.