ಕೀಲುಬೇನೆ ಕಿವಿಯನ್ನು ಮುಟ್ಟಿದಾಗ



ಶರಣರ ಪರಂಪರೆಯಲ್ಲಿ ಕೇಳುವುದಕ್ಕೆ ನುಡಿಯುವಷ್ಟೇ ಬೆಲೆಯುಂಟು. ಒಬ್ಬರು ನುಡಿದು ಮತ್ತೊಬ್ಬರು ಆಲಿಸಿದಲ್ಲಿಯೇ ಅನುಭಾವ ಬೆಳೆಯಿತು. ಹಾಗೆ ಆಲಿಸುವ ಕಿವಿಯೇ ಮಂದವಾದಾಗ, ಅದೂ ಕೈಕಾಲುಗಳ ಬೇನೆಯ ಮರೆಯಲ್ಲಿ ಮಂದವಾದಾಗ, ಮನೆಯವರಿಗೂ ಅದರ ಸುಳಿವು ಹತ್ತುವುದಿಲ್ಲ.

ಭೀಮಾ ನದಿಯ ಸೀಮೆಯ ಅಗರಖೇಡದಲ್ಲಿ ಐವತ್ತು ದಾಟಿದ ತಾಯಿಯೊಬ್ಬರಿದ್ದಾರೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಅಂಥ ಲಿಂಬೆಯ ಬನದಲ್ಲಿ ಹಣ್ಣು ಕಿತ್ತು, ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಬಾಳಿದ ಕೈ ಅವರದು. ಹತ್ತು ವರ್ಷಗಳಿಂದ ರುಮಟಾಯ್ಡ್ ಸಂಧಿವಾತ ಆ ಕೈಯನ್ನು ಹಿಡಿದಿದೆ. ಮುಂಜಾನೆ ಎದ್ದ ಮೇಲೆ ಗಂಟೆಗೂ ಹೆಚ್ಚು ಹೊತ್ತು ಬೆರಳುಗಳು ಬಿಚ್ಚುವುದಿಲ್ಲ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನು ಇರಿಸಿಕೊಳ್ಳಲು ಬಿಸಿನೀರಿನಲ್ಲಿ ಕೈಯದ್ದಿ ಕಾಯಬೇಕು. ಇದನ್ನು ಮನೆಯವರೆಲ್ಲ ಬಲ್ಲರು, ಮರುಗುವರು.

ಆದರೆ ಈಚಿನ ಎರಡು ವರ್ಷಗಳಲ್ಲಿ ಆ ತಾಯಿ ಮಾತು ಕಡಿಮೆ ಮಾಡಿದರು, ಪ್ರವಚನಕ್ಕೆ ಹೋಗುವುದನ್ನು ಬಿಟ್ಟರು. “ಅತ್ತಿ ನನ್ನ ಮ್ಯಾಲ ಸಿಟ್ಟಾಗ್ಯಾರ, ಕರದ್ರ ಹೊಳ್ಳಿ ನೋಡೂದಿಲ್ಲ” ಎಂದು ಸೊಸೆ ನೊಂದುಕೊಂಡಳು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಶ್ರೀಗಳು 2023ರ ಜನವರಿ 2ರಂದು ಲಿಂಗೈಕ್ಯರಾದರೂ ಅವರ ಮೆಲುದನಿಯ ಪ್ರವಚನ ಈ ಭಾಗದ ಮನೆಗಳಲ್ಲಿ ಇಂದಿಗೂ ಮೊಬೈಲಿನಲ್ಲಿ ಕೇಳಿಬರುತ್ತದೆ. ಅದು ಸ್ಪಷ್ಟವಾಗದಿದ್ದಾಗ ಮೊಬೈಲೇ ಕೆಟ್ಟಿದೆಯೆಂದು ತಾಯಿ ತಿಳಿದರು. ಕೊನೆಗೆ ಮಗಳ ಮುಂದೆ ಹೇಳಿದ್ದು ಇಷ್ಟು: “ದನಿ ಕೇಳಸ್ತೈತಿ ಯವ್ವಾ, ಮಾತು ತಿಳಿಯಂಗಿಲ್ಲ.”

ಈ ಒಂದು ಮಾತಿನಲ್ಲಿ ರೋಗದ ಲಕ್ಷಣವೆಲ್ಲ ಅಡಗಿದೆ. ರುಮಟಾಯ್ಡ್ ಸಂಧಿವಾತವು ವಯಸ್ಸಿನಿಂದ ಮೊಣಕಾಲು ಸವೆಯುವ ಬೇನೆಯಲ್ಲ. ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ವ್ಯಾಧಿಯಿದು. ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ನಡುಗಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪುಗಳ ಆಕಾರದ ಮೂರು ಕಿರುಮೂಳೆಗಳಿವೆ. ಅವುಗಳನ್ನು ಜೋಡಿಸುವ ಕೀಲುಗಳೂ ಬೆರಳಿನ ಕೀಲುಗಳ ಜಾತಿಯವೇ ಆದುದರಿಂದ ಬೇನೆ ಅಲ್ಲಿಗೂ ತಲುಪಬಲ್ಲದು. ಆದರೆ ಈ ರೋಗಿಗಳಲ್ಲಿ ಹೆಚ್ಚಾಗಿ ಕಾಣುವುದು ಒಳಗಿವಿಯ ಕೊರತೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಕಾಕ್ಲಿಯಾದ ಸೂಕ್ಷ್ಮ ಕೋಶಗಳೂ ಕಿರು ರಕ್ತನಾಳಗಳೂ ಉರಿಯೂತಕ್ಕೆ ಈಡಾಗುವುದು ಇದರ ಕಾರಣವಿರಬಹುದೆಂದು ವೈದ್ಯರು ಭಾವಿಸುತ್ತಾರೆ.

ಸಾಮಾನ್ಯವಾಗಿ ಮೊದಲು ಮಸುಕಾಗುವುದು ಎತ್ತರದ ಸ್ವರಗಳು. ಸ, ಶ, ತ, ಕ ಮುಂತಾದ ವ್ಯಂಜನಗಳು ಜಾರಿಹೋಗಿ ಸ್ವರಾಕ್ಷರಗಳು ಮಾತ್ರ ಉಳಿಯುತ್ತವೆ. ಆದ್ದರಿಂದಲೇ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಒದರಿ ಹೇಳಿದರೆ ಗದ್ದಲ ಹೆಚ್ಚುತ್ತದೆಯೇ ಹೊರತು ಅರ್ಥವಲ್ಲ.

ಔಷಧದ ಮಾತೂ ಉಂಟು. ಹೆಚ್ಚಿನ ಪ್ರಮಾಣದ ಆಸ್ಪಿರಿನ್‌ನಿಂದ ಕಿವಿಯಲ್ಲಿ ಗುಂಯ್‌ಗುಡುವಿಕೆಯೂ ಮಂದತೆಯೂ ಬರಬಹುದು. ಔಷಧ ನಿಂತರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದಲೂ ಅಪರೂಪಕ್ಕೆ ಹೀಗಾಗುವುದುಂಟು. ಹಾಗೆಂದು ಯಾರೂ ತಾವಾಗಿಯೇ ಗುಳಿಗೆ ಬಿಡಬಾರದು. ಹತೋಟಿ ತಪ್ಪಿದರೆ ಕೀಲುಗಳು ಶಾಶ್ವತವಾಗಿ ಕೆಡುತ್ತವೆ. ವೈದ್ಯರಿಗೆ ತಿಳಿಸಿ ಶ್ರವಣ ಪರೀಕ್ಷೆ ಮಾಡಿಸುವುದೇ ದಾರಿ. ಒಂದೆರಡು ದಿನಗಳಲ್ಲಿ ಥಟ್ಟನೆ ಕಿವಿ ಕೇಳದಾದರೆ ಅಂದೇ ಕಿವಿಯ ತಜ್ಞರ ಬಳಿ ಹೋಗಬೇಕು. ತಡವಾದಷ್ಟೂ ಚಿಕಿತ್ಸೆಯ ಫಲ ಕುಗ್ಗುತ್ತದೆ.

ಆ ತಾಯಿಗೆ ಪರೀಕ್ಷೆಯ ಬಳಿಕ ಶ್ರವಣಯಂತ್ರ ಬಂತು. ಆದರೆ ಸಾಸಿವೆಡಬ್ಬಿಯ ಮುಚ್ಚಳವನ್ನೇ ತೆರೆಯಲಾರದ ಬೆರಳುಗಳು ಗುಂಡಿಯಷ್ಟು ಸಣ್ಣ ಬ್ಯಾಟರಿಯನ್ನು ಹೇಗೆ ಬದಲಿಸಬೇಕು? ಯಂತ್ರ ಎರಡು ತಿಂಗಳು ಪೆಟ್ಟಿಗೆಯಲ್ಲೇ ಕುಳಿತಿತು. ಕಿವಿಯ ಹಿಂದೆ ಕೂಡ್ರಿಸುವ, ಮೊಬೈಲಿನಂತೆ ಚಾರ್ಜ್ ಮಾಡುವ ಯಂತ್ರ ಬಂದ ಮೇಲೆಯೇ ಅದು ಬಳಕೆಗೆ ಬಂದದ್ದು. ಸೊಸೆ ಈಗ ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ನಿಧಾನವಾಗಿ ಮಾತನಾಡುತ್ತಾಳೆ. ಸಿಟ್ಟೆಂದುಕೊಂಡದ್ದು ಸಿಟ್ಟಾಗಿರಲಿಲ್ಲವೆಂಬುದು ಅವಳಿಗೆ ಯಂತ್ರಕ್ಕಿಂತ ದೊಡ್ಡ ಪರಿಹಾರವಾಯಿತು.

ಸದ್ಭಕ್ತರು ಇನ್ನೊಂದನ್ನು ಗಮನಿಸಬೇಕು. ಪ್ರವಚನದ ಸಭೆಯಲ್ಲಿ ನೆಲದ ಮೇಲೆ ಕೂಡ್ರಲಾರದವರಿಗೆ ಕುರ್ಚಿ ಹಾಕುವುದು ಎಲ್ಲರ ಹಿಂದೆ, ಗೋಡೆಯ ಬದಿಗೆ. ಕೀಲು ನೋಯುವವರು ಅಲ್ಲಿಯೇ ಕೂಡ್ರುತ್ತಾರೆ. ಅವರ ಕಿವಿಯೂ ಸೋತಿದ್ದರೆ, ಹತ್ತಿರವಿರಬೇಕಾದವರು ದೂರವಾದಂತಾಯಿತು. ವೇದಿಕೆಯ ಮಗ್ಗುಲಲ್ಲಿ, ಯಾರ ನೋಟಕ್ಕೂ ಅಡ್ಡಬಾರದಂತೆ, ನಾಲ್ಕು ಕುರ್ಚಿ ಹಾಕುವುದಕ್ಕೆ ಖರ್ಚೇನೂ ಇಲ್ಲ. ಅದೂ ದಾಸೋಹವೇ.